ಮೂರನೆಯ ಚುಚ್ಚುಮದ್ದು

ಮಾರ್ಚ್ 8

ಪೂಜ್ಯ ಮೇಷ್ಟ್ರಿಗೆ, ನೀವು 'ಇರುವೆ' ಎಂದು ಕರೆಯುತ್ತಿದ್ದ ಶಿಷ್ಯೆಯ ನಮಸ್ಕಾರಗಳು.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ನಿಮ್ಮ ಮನೆಯ ಅಮ್ಮನವರು ಹೇಳಿದಂದಿನಿಂದ ಕಾಗದ ಬರೆಯುವುದೇ ರೂಢಿಯಾಗಿದೆ. ಆದರೆ ಈ ಸಲ ಬರೆಯಲು ಕೂತು ಎರಡು ಹಾಳೆ ಹರಿದೆ. ಸುತ್ತಿ ಬಳಸದೆ ಹೇಳುತ್ತೇನೆ: ಮೊನ್ನೆ ಬೆಳಗ್ಗೆ ನನಗೆ ಸೂಜಿ ಚುಚ್ಚಿತು.

ನಮ್ಮ ಆಸ್ಪತ್ರೆಯ ರಕ್ತ ಸಂಗ್ರಹದ ಕೋಣೆಯಲ್ಲಿ ಒಂದು ಕಿಟಕಿ, ಎರಡು ಕುರ್ಚಿ, ಬಳಸಿದ ಸೂಜಿ ಹಾಕುವ ಒಂದು ಗಟ್ಟಿ ಡಬ್ಬಿ. ಎಂಟಕ್ಕೆ ಬಾಗಿಲು ತೆಗೆದರೆ ಹನ್ನೊಂದರವರೆಗೆ ತಲೆ ಎತ್ತುವಂತಿಲ್ಲ. ಆ ದಿನ ಡಬ್ಬಿ ಕಂಠಮಟ್ಟ ತುಂಬಿತ್ತು. ಉಗ್ರಾಣದಿಂದ ಹೊಸದು ಬಂದಿರಲಿಲ್ಲ. ಮುಕ್ಕಾಲು ತುಂಬಿದೊಡನೆ ಬದಲಾಯಿಸಬೇಕೆಂದು ನೀವು ಎಷ್ಟು ಸಲ ಹೇಳಿದ್ದೀರಿ! ಆದರೂ ಒಬ್ಬ ಬಡಗಿಯ ರಕ್ತ ತೆಗೆದು ಸೂಜಿಯನ್ನು ಒಳಗೆ ತುರುಕಲು ಹೋದೆ. ಒಳಗಿದ್ದದ್ದು ತಡೆಯಿತು, ಕೈಯಲ್ಲಿದ್ದದ್ದು ವಾಲಿ ಎಡಗೈಯ ತೋರುಬೆರಳಿಗೆ ಇಳಿಯಿತು.

ನೀವು ಕಲಿಸಿದಂತೆ ಬೆರಳನ್ನು ಹಿಂಡದೆ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆದೆ, ಕೂಡಲೇ ವೈದ್ಯರಿಗೆ ತಿಳಿಸಿದೆ. ಬಡಗಿಯ ರಕ್ತವನ್ನು ಪರೀಕ್ಷಿಸಿದರು. ಎಚ್‌ಐವಿ ಇಲ್ಲ, ಹೆಪಟೈಟಿಸ್ ಸಿ ಇಲ್ಲ. ಹೆಪಟೈಟಿಸ್ ಬಿ ಇದೆ. ಅದು ಅವರಿಗೂ ಗೊತ್ತಾದದ್ದು ಅಂದೇ. ತನ್ನ ಚಿಂತೆ ಬಿಟ್ಟು, ನನ್ನ ಬೆರಳಿನ ಪಟ್ಟಿ ನೋಡುತ್ತ, "ನನ್ನಿಂದ ನಿಮಗೆ ತೊಂದರೆ ಆಯ್ತಲ್ಲಮ್ಮ" ಎಂದರು.

ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಅದರ ಲಸಿಕೆ ಮೂರೂ ಆಗಿದೆಯಲ್ಲ?" ಆಗಿದೆ ಎಂದೆ. ಹಾಗಾದರೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಕಳಿಸಿದರು.

ಆದರೆ ಮೇಷ್ಟ್ರೇ, ಮನೆಗೆ ಬಂದ ಮೇಲೆ ಒಂದು ಅನುಮಾನ ಹೊಕ್ಕಿದೆ. ನಿಮ್ಮ ತರಬೇತಿ ಶಾಲೆಯಲ್ಲಿ ಹಾಕಿಸಿದ ಮೊದಲನೆಯ ಚುಚ್ಚುಮದ್ದು ನೆನಪಿದೆ. ಎರಡನೆಯದೂ ನೆನಪಿದೆ; ಅಂದು ನಮ್ಮ ತರಗತಿಯ ಉದ್ದಣ್ಣ ತಲೆ ಸುತ್ತಿ ಬಿದ್ದು ನಾವೆಲ್ಲ ನಕ್ಕೆವು. ಮೂರನೆಯದಕ್ಕೆ ಸಾಲಿನಲ್ಲಿ ನಿಂತ ನೆನಪಿದೆ, ಚುಚ್ಚಿಸಿಕೊಂಡ ನೆನಪು ಮಾತ್ರ ಎಷ್ಟು ತಡಕಿದರೂ ಸಿಗುತ್ತಿಲ್ಲ. ಲಸಿಕೆಯ ಪ್ರಮಾಣಪತ್ರ ತೆಗೆದು ನೋಡಿದೆ. ಮೂರನೆಯದರ ಮುಂದೆ ತಾರೀಕು ಇದೆ, ನಿಮ್ಮ ಸಹಿ ಇದೆ. ನಿಮ್ಮ ಸಹಿ ಇದ್ದ ಮೇಲೆ ನನ್ನ ನೆನಪೇ ಕೈಕೊಟ್ಟಿರಬೇಕು. ಆದರೂ ನಿಮ್ಮಿಂದ ಒಂದು ಮಾತು ಬಂದರೆ ನೆಮ್ಮದಿ. ಮದುವೆಯಾಗಿ ಇನ್ನೂ ನಾಲ್ಕು ತಿಂಗಳು. ಮನೆಯವರಿಗೆ ಇನ್ನೂ ಏನೂ ಹೇಳಿಲ್ಲ.

ಅಮ್ಮನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ ಶಿಷ್ಯೆ,
ಇರುವೆ


ಮಾರ್ಚ್ 12

ಚಿರಂಜೀವಿ ಇರುವೆಗೆ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಕೈಸೇರಿತು. ಮೊದಲಿಗೆ, ನೀನು ಮಾಡಿದ್ದೆಲ್ಲ ಸರಿಯಾಗಿದೆ. ತೊಳೆದದ್ದು ಸರಿ, ಮುಚ್ಚಿಡದೆ ಹೇಳಿದ್ದು ಇನ್ನೂ ಸರಿ. ತುಂಬಿದ ಡಬ್ಬಿಯ ತಪ್ಪನ್ನು ನಿನ್ನೊಬ್ಬಳ ತಲೆಗೆ ಕಟ್ಟಿಕೊಳ್ಳಬೇಡ.

ಹೆದರಿಕೆ ಹತ್ತಿರ ಬಂದಾಗ ತಿಳಿವಳಿಕೆಯನ್ನು ಕರೆಯಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದೆನಲ್ಲ, ಈಗ ಅದನ್ನೇ ಮಾಡೋಣ. ನಮ್ಮ ದೇಹದ ಮೊದಲ ಕೋಟೆ ಚರ್ಮ. ಸೂಜಿ ಆ ಕೋಟೆಗೆ ಕಂಡಿ ಕೊರೆಯುತ್ತದೆ, ನಿಜ. ಆದರೆ ಒಳಗೆ ಊರು ಬರಿದಾಗಿಲ್ಲ. ರಕ್ತದಲ್ಲಿ ಗಸ್ತು ತಿರುಗುವ ಬಿಳಿಯ ಕಣಗಳಿವೆ. ಅಪರಿಚಿತರನ್ನು ಕಂಡಲ್ಲಿ ನುಂಗುತ್ತವೆ. ಅವುಗಳ ಹಿಂದೆ ಇನ್ನೊಂದು ಬಳಗವಿದೆ. ನಿಧಾನವಾಗಿ ಕಲಿಯುವ, ಆದರೆ ಕಲಿತದ್ದನ್ನು ಮರೆಯದ ಬಳಗ. ಲಸಿಕೆಯೆಂದರೆ ಆ ಬಳಗಕ್ಕೆ ವೈರಸ್ಸನ್ನಲ್ಲ, ವೈರಸ್ಸಿನ ಮೇಲಂಗಿಯನ್ನಷ್ಟೇ ತೋರಿಸುವುದು. ಮೊದಲ ಸಲ ತೋರಿಸಿದಾಗ ಗುರುತು ಹತ್ತುತ್ತದೆ, ಮತ್ತೆ ತೋರಿಸಿದಾಗ ಪರಿಚಯವಾಗುತ್ತದೆ. ಅಲ್ಲಿಂದ ಮುಂದೆ ಆ ಅಂಗಿ ತೊಟ್ಟು ಯಾರೇ ಬಂದರೂ ಯಕೃತ್ತಿನ ಬಾಗಿಲು ಮುಟ್ಟುವ ಮೊದಲೇ ಆ ಬಳಗ ತಯಾರಿಸಿದ ಪ್ರತಿಕಾಯಗಳು ಹಿಡಿದು ನಿಲ್ಲಿಸುತ್ತವೆ. ಆ ಕಾವಲು ನಿನ್ನೊಳಗೂ ಇದೆ.

ನಿನ್ನ ನೆನಪಿನ ವಿಷಯ. ಮನುಷ್ಯನ ನೆನಪು ಗಾಬರಿಯಲ್ಲಿ ತನಗೆ ಬೇಕಾದುದನ್ನು ಮರೆಯುತ್ತದೆ, ಬೇಡವಾದುದನ್ನು ತಾನೇ ಹೊಲಿದು ಸೇರಿಸುತ್ತದೆ. ಅದರ ಬೆನ್ನು ಹತ್ತಬೇಡ. ಬೇಕಿದ್ದರೆ, ಕೇವಲ ಸಮಾಧಾನಕ್ಕಾಗಿ, ನಿನ್ನ ಪ್ರತಿಕಾಯದ ಮಟ್ಟವನ್ನೊಮ್ಮೆ ನೋಡಿಸಬಹುದು. ಅವಸರವೇನಿಲ್ಲ.

ಮನೆಯವರಿಗೆ ಹೇಳು. ಗಂಡನಿಂದ ಮುಚ್ಚಿಟ್ಟ ಮಾತು ಮನೆಯೊಳಗೆ ಜಾಗ ಹಿಡಿದು ಕೂತುಬಿಡುತ್ತದೆ.

ಸದಾ ನಿನ್ನ ಒಳಿತನ್ನೇ ಬಯಸುವ,
ಮೇಷ್ಟ್ರು


ಮಾರ್ಚ್ 17

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿದ ಮೇಲೆ ಹತ್ತು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡೆ. ಮನೆಯವರಿಗೂ ಹೇಳಿದೆ. ಅವರದು ಬೀಗ ರಿಪೇರಿಯ ಅಂಗಡಿಯೆಂದು ನಿಮಗೆ ಗೊತ್ತಲ್ಲ. ಎಲ್ಲಕ್ಕೂ ಅದೇ ಭಾಷೆ. ಕಾಗದವನ್ನು ಎರಡು ಸಲ ಓದಿ, "ನಿಮ್ಮ ಮೇಷ್ಟ್ರು ಬೀಗ ಹಾಕಿ ಕಳಿಸಿದ್ದಾರೆ ಅಂದ್ಮೇಲೆ ನಾನ್ಯಾಕೆ ಕೈ ಹಾಕ್ಲಿ?" ಎಂದರು.

ಪ್ರತಿಕಾಯದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿದೆ. ಅದನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬೇಕಂತೆ, ಮೂರೂ ಆದವರಿಗೆ ಏಕೆ ಎಂದರು. ನೀವೂ ಅವಸರವಿಲ್ಲವೆಂದು ಬರೆದಿದ್ದಿರಲ್ಲ, ಬಿಟ್ಟೆ.

ಇನ್ನೊಂದು ಮಾತು ಕೇಳಿದರೆ ನಿಮಗೆ ಖುಷಿಯಾಗಬಹುದು. ನನ್ನ ಕೈಕೆಳಗೆ ನಾಲ್ವರು ಹುಡುಗಿಯರು ತರಬೇತಿಗೆ ಬಂದಿದ್ದಾರೆ. ನಿಮ್ಮ ಕಾಗದದ ಮೇಲಂಗಿಯ ಭಾಗವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಒಬ್ಬಳು ಬರೆದುಕೊಂಡಳು. ಹೊಸಬರ ಮೊದಲ ಸೂಜಿಗೆ ನೀವು ನಿಮ್ಮ ತೋಳನ್ನೇ ಚಾಚುತ್ತಿದ್ದದ್ದನ್ನೂ ಹೇಳಿದೆ. "ಅಂಥ ಮೇಷ್ಟ್ರು ನಮಗೆ ಸಿಗಲಿಲ್ಲವಲ್ಲಕ್ಕ" ಎಂದರು.

ನಿಮ್ಮ ಶಿಷ್ಯೆ,
ಇರುವೆ


ಮಾರ್ಚ್ 21

ಚಿರಂಜೀವಿ ಇರುವೆಗೆ,

ಈ ಕಾಗದ ತಲುಪುವ ಮೊದಲೇ ನನ್ನ ಹೆಂಡತಿಯ ಫೋನು ನಿನಗೆ ಬಂದಿರುತ್ತದೆ: ಇಂದೇ ಪ್ರತಿಕಾಯದ ಪರೀಕ್ಷೆಗೆ ರಕ್ತ ಕೊಡು, ಫಲಿತಾಂಶಕ್ಕೆ ಕಾಯದೆ ಇಂದೇ ಒಂದು ಡೋಸ್ ಲಸಿಕೆ ಹಾಕಿಸಿಕೋ ಎಂದು. ಕಾರಣವನ್ನು ಅವಳು ಹೇಳಿರುವುದಿಲ್ಲ. ನಿನ್ನ ಎರಡನೆಯ ಕಾಗದ ಬಂದಂದಿನಿಂದ ನಾನು ಇಂಗು ತಿಂದ ಮಂಗನ ಹಾಗೆ ಕೂತದ್ದನ್ನು ನೋಡಿ, ಕೊನೆಗೆ ಎದುರಿಗೆ ಕುರ್ಚಿ ಎಳೆದುಕೊಂಡು ಬಾಯಿ ಬಿಡಿಸಿದಳು. ಕೇಳಿ ಮುಗಿದ ಮೇಲೆ ಹೇಳಿದ್ದು ಇಷ್ಟೇ: "ಫೋನ್ ನಾನು ಮಾಡ್ತೀನಿ. ಯಾಕೆ ಅನ್ನೋದನ್ನ ನೀವೇ ಬರೀರಿ. ನಿಮ್ಮ ಪಾಪಕ್ಕೆ ನನ್ನ ನಾಲಿಗೆ ಸಾಲ ಕೇಳ್ಬೇಡಿ."

ನಿನ್ನ ನೆನಪು ಸರಿ. ನೀನು ಸಾಲಿನಲ್ಲಿ ನಿಂತಿದ್ದೆ. ಚುಚ್ಚಿಸಿಕೊಳ್ಳಲಿಲ್ಲ.

ಆ ವಾರಾಂತ್ಯ ಶಾಲೆಯಲ್ಲಿ ಕರೆಂಟು ಹೋಗಿ, ಲಸಿಕೆಯ ಶೀಶೆಗಳಿದ್ದ ಫ್ರಿಜ್ಜು ಎರಡು ದಿನ ಬಿಸಿಯಾಗಿ ನಿಂತಿತ್ತು. ಸೋಮವಾರ ನೀವು ಹನ್ನೊಂದು ಜನ ಅಂಗಿಯ ತೋಳು ಮಡಚಿ ಸಾಲು ನಿಂತಾಗ ನಾನು ಶೀಶೆಯನ್ನು ಮುಟ್ಟಿ ನೋಡಿದೆ. ಕೆಟ್ಟ ಲಸಿಕೆಯನ್ನು ಮಕ್ಕಳ ಮೈಗೆ ಹಾಕಲಾರೆನೆಂದು ಅಷ್ಟನ್ನೂ ಕಸಕ್ಕೆ ಹಾಕಿಸಿದೆ. ಬರುವ ವಾರ ಬನ್ನಿ ಎಂದು ನಿಮ್ಮನ್ನು ವಾರ್ಡಿಗೆ ಕಳಿಸಿದೆ. ಆ ಕ್ಷಣ ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತ್ತು.

ಮರುದಿನ ತಪಾಸಣೆಯಿತ್ತು. ಎಲ್ಲ ವಿದ್ಯಾರ್ಥಿಗಳ ಲಸಿಕೆ ಪೂರ್ತಿಯಾಗಿರದಿದ್ದರೆ ಶಾಲೆಯ ಮಾನ್ಯತೆಗೆ ಕುತ್ತು ಬರುತ್ತಿತ್ತು. ಒಂದು ವಾರದ ಮಾತು ತಾನೇ ಎಂದುಕೊಂಡೆ. ಹನ್ನೊಂದು ಸಹಿ, ಎರಡು ನಿಮಿಷವೂ ಹಿಡಿಯಲಿಲ್ಲ. ಮುಂದಿನ ವಾರ ಹೊಸ ಶೀಶೆಗಳು ಬರಲಿಲ್ಲ, ಅದರ ಮುಂದಿನ ವಾರ ಪರೀಕ್ಷೆ, ಆಮೇಲೆ ನೀವೆಲ್ಲ ಚದುರಿದಿರಿ. ಎರಡು ಸಲ ನೆನಪಾಯಿತು. ಎರಡೂ ಸಲ, ಎರಡು ಡೋಸಿನಿಂದಲೇ ಬಹುಪಾಲು ಜನರಿಗೆ ರಕ್ಷಣೆ ಬಂದಿರುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಅದು ಸುಳ್ಳೇನಲ್ಲ. ಬಹುಪಾಲು ಎಂದರೆ ಎಲ್ಲರೂ ಅಲ್ಲ ಎಂಬುದೂ ನನಗೆ ಗೊತ್ತಿತ್ತು.

ಇದು ಹಳೆಯ ತಪ್ಪು. ಹೊಸದು ಇದಕ್ಕಿಂತ ದೊಡ್ಡದು. ರಕ್ಷಣೆಯಿಲ್ಲದವರಿಗೆ ಸೂಜಿ ಚುಚ್ಚಿದರೆ, ಬೇರೆಯವರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೊಂದನ್ನು ಲಸಿಕೆಯ ಜೊತೆ ಕೊಡುತ್ತಾರೆ. ಏಳು ದಿನದೊಳಗೆ ಕೊಡಬೇಕು. ನಿನ್ನ ಮೊದಲ ಕಾಗದ ನನ್ನ ಕೈಸೇರಿದ್ದು ಐದನೆಯ ದಿನ. ಇನ್ನೂ ಎರಡು ದಿನ ಉಳಿದಿತ್ತು. ಪಕ್ಕದ ಕೋಣೆಯಲ್ಲಿ ಫೋನಿತ್ತು, ಅದನ್ನು ಎತ್ತಿ ಮಾತಾಡಬಲ್ಲ ಹೆಂಡತಿಯಿದ್ದಳು. ಆ ಎರಡು ದಿನವನ್ನು ನಾನು ನಿನಗೆ ಚೆಂದದ ಪಾಠವೊಂದನ್ನು ಬರೆಯಲು ಬಳಸಿದೆ. 'ಅವಸರವೇನಿಲ್ಲ' ಎಂದು ಬರೆಯುವಾಗ ಅವಸರವಿದೆಯೆಂದು ನನಗೆ ತಿಳಿದಿತ್ತು. ನೀನು ಪರೀಕ್ಷೆ ಮಾಡಿಸಿ, ಫಲಿತಾಂಶ ಚೆನ್ನಾಗಿ ಬಂದು, ನಾನು ಏನನ್ನೂ ಹೇಳುವ ಅಗತ್ಯವೇ ಬೀಳದಿರಲಿ ಎಂಬುದು ನನ್ನ ಆಸೆಯಾಗಿತ್ತು.

ಕ್ಷಮಿಸೆಂದು ಬರೆಯಲು ಕೈ ಬರುತ್ತಿಲ್ಲ. ಫಲಿತಾಂಶ ಬಂದೊಡನೆ ನನ್ನ ಹೆಂಡತಿಗಾದರೂ ತಿಳಿಸು.

ಮೇಷ್ಟ್ರು


ಏಪ್ರಿಲ್ 9

ಮೇಷ್ಟ್ರಿಗೆ,

ಅಮ್ಮನವರ ಫೋನು ಬಂದ ದಿನವೇ ಲಸಿಕೆ ಹಾಕಿಸಿಕೊಂಡೆ, ಅದಕ್ಕೆ ಮೊದಲೇ ರಕ್ತ ಕೊಟ್ಟಿದ್ದೆ. ಪ್ರತಿಕಾಯದ ಮಟ್ಟ ಕನಿಷ್ಠ ಹತ್ತಾದರೂ ಇರಬೇಕು. ನನ್ನದು ಮೂರು.

ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಈಗ ಪ್ರಯೋಜನಕ್ಕಿಲ್ಲವೆಂದರು. ಇನ್ನು ಕಾಯುವುದೊಂದೇ. ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ ಎಲ್ಲ ಬೇರೆ ಮಾಡಿದ್ದೇನೆ. ಮನೆಯವರಿಗೆ ಮೊದಲ ಡೋಸ್ ಹಾಕಿಸಿದೆ. ಅವರು ನಿಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನಿಮ್ಮ ಪರ ಮಾತಾಡಬೇಕೆಂದು ನನಗೆ ಇನ್ನು ಅನ್ನಿಸುವುದಿಲ್ಲವೆಂದು ಆಗಲಾದರೂ ಗೊತ್ತಾಗುತ್ತಿತ್ತು.

ಕೆಟ್ಟ ಶೀಶೆಗಳನ್ನು ಎಸೆದದ್ದು ಸರಿ. ಸಹಿ ಹಾಕಿದ್ದನ್ನೂ ಹೇಗೋ ಅರ್ಥ ಮಾಡಿಕೊಳ್ಳಬಲ್ಲೆ. ನಿಮ್ಮ ಆ ಕಾಗದದ ಪಾಠವನ್ನು ನಾನು ಆ ಹುಡುಗಿಯರಿಗೆ ಓದಿ ಹೇಳಿದ್ದು ಮಾತ್ರ ಬಿಸಿ ಮುಟ್ಟಿದ ಹಾಗೆ ಮತ್ತೆ ಮತ್ತೆ ನೆನಪಾಗುತ್ತದೆ.

ದಯವಿಟ್ಟು ಉತ್ತರ ಬರೆಯಬೇಡಿ.

ಹನ್ನೊಂದು ಜನರಲ್ಲಿ ಒಬ್ಬಳು


ಮೇ 20

ಚಿರಂಜೀವಿ ಇರುವೆಗೆ,

ಬರೆಯಬೇಡವೆಂದು ಹೇಳಿದ್ದೀಯೆ. ಇದು ಉತ್ತರ ಬಯಸುವ ಕಾಗದವಲ್ಲ, ವರದಿಯೆಂದು ಎಣಿಸಿ ಓದು.

ಏಪ್ರಿಲಿನಲ್ಲಿ ಶಾಲೆಗೆ ಹೋದೆ. ಈಗಿನ ಮುಖ್ಯಸ್ಥರು ನನ್ನ ಕೈಯಲ್ಲೇ ಕಲಿತವರು. ವಿಷಯ ಕೇಳಿ ಬಾಗಿಲು ಮುಚ್ಚಿ ಬಂದು, "ಸರ್, ಇಷ್ಟು ದಿನ ಆದ್ಮೇಲೆ ಇದನ್ನ ಯಾಕೆ ಕೆದಕ್ತೀರಿ? ನಿಮ್ಮ ಹೆಸರೇ ಹಾಳಾಗುತ್ತೆ" ಎಂದರು. ಅದು ಹಾಳಾಗಲೆಂದೇ ಬಂದಿದ್ದೇನೆ ಎಂದೆ. ಎರಡು ದಿನ ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಮೂರನೆಯ ದಿನ ಹಳೆಯ ದಾಖಲೆ ಕೊಟ್ಟರು. ನನ್ನ ತಪ್ಪೊಪ್ಪಿಗೆಯನ್ನು ಬರೆದು, ಮೇಲಿನ ಕಚೇರಿಗೆ ಒಂದು ಪ್ರತಿ ಕಳಿಸಿ, ನಿನ್ನ ಸಹಪಾಠಿಗಳ ವಿಳಾಸ ಪಡೆದೆ.

ಹತ್ತು ಜನರಿಗೂ ಬರೆದೆ. ಆರು ಮಂದಿ ಪರೀಕ್ಷೆ ಮಾಡಿಸಿದ್ದಾರೆ. ಐವರಲ್ಲಿ ರಕ್ಷಣೆಯಿದೆ, ಒಬ್ಬನಿಗೆ ಇರಲಿಲ್ಲ, ಈಗ ಹಾಕಿಸಿಕೊಳ್ಳುತ್ತಿದ್ದಾನೆ. ಮೂವರು ಕೆಲಸಕ್ಕೆ ಸೇರುವಾಗಲೇ ಮತ್ತೆ ಹಾಕಿಸಿಕೊಂಡಿದ್ದರಂತೆ. ಅವರಲ್ಲೊಬ್ಬಳು ಒಂದು ಪುಟ ತುಂಬ ನನ್ನನ್ನು ಬೈದು ಬರೆದಿದ್ದಾಳೆ. ಆ ಪುಟವನ್ನು ಎತ್ತಿಟ್ಟಿದ್ದೇನೆ. ಉಳಿದವನು ನಿಮ್ಮ ಉದ್ದಣ್ಣ. ಆತ ಈ ಕೆಲಸವನ್ನೇ ಬಿಟ್ಟು ಛಾಯಾಗ್ರಾಹಕನಾಗಿದ್ದಾನೆ. "ನಂಗೆ ಈಗ ಚುಚ್ಚೋದು ಬರೀ ನಾದಿನಿಯ ಮಾತು ಸರ್" ಎಂದು ಬರೆದರೂ, ಲಸಿಕೆ ಹಾಕಿಸಿಕೊಂಡ ಚೀಟಿಯನ್ನೂ ಕಳಿಸಿದ್ದಾನೆ.

ಕಳೆದ ವಾರ ನಿನ್ನ ಯಜಮಾನರು ನಮ್ಮ ಮನೆಗೆ ಬಂದಿದ್ದರು. ನಿನಗೆ ತಿಳಿಸಬೇಡಿ ಎಂದರು. ಕ್ಷಮಿಸಲಿ, ಮುಚ್ಚಿಡುವ ಕೆಲಸವನ್ನು ನಾನು ಬಿಟ್ಟಿದ್ದೇನೆ. ಕೂತು, ನೀರು ಕುಡಿದು, ನನ್ನ ಕಿವಿಯ ಹತ್ತಿರ ಬಂದು, "ನಿಮ್ಮನ್ನ ಬೈಯೋಕೆ ಅಂತ್ಲೇ ಬಸ್ಸು ಹತ್ತಿದೆ. ದಾರಿಯುದ್ದ ಮಾತು ಜೋಡಿಸ್ಕೊಂಡು ಬಂದೆ. ಈಗ ಒಂದೂ ಬಾಯಿಗೆ ಬರ್ತಿಲ್ಲ" ಎಂದರು. ಬೈದರೆ ನನಗೂ ಹಗುರವಾಗುತ್ತದೆ ಎಂದೆ. ಅದಕ್ಕೆ ಅವರು, "ಅದಕ್ಕೇ ಬೈಯಲ್ಲ ಬಿಡಿ" ಎಂದು ಎದ್ದರು. ಆ ಮಾತು ಸರಿಯಾಗಿಯೇ ತಾಗಿದೆ.

ಮೇಷ್ಟ್ರು


ಜೂನ್ 14

ಮೇಷ್ಟ್ರಿಗೆ ನಮಸ್ಕಾರ.

ಹದಿನೈದು ದಿನದಿಂದ ಮೈಯಲ್ಲಿ ತ್ರಾಣವಿರಲಿಲ್ಲ, ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ನಿನ್ನೆ ಬೆಳಗ್ಗೆ ಕನ್ನಡಿ ನೋಡಿದರೆ ಕಣ್ಣು ಹಳದಿ. ಮಧ್ಯಾಹ್ನ ನನ್ನ ರಕ್ತವನ್ನು ನಮ್ಮದೇ ಯಂತ್ರಕ್ಕೆ ಹಾಕಿದರು. ಹೆಪಟೈಟಿಸ್ ಬಿ ಬಂದಿದೆ.

ಮನೆಯವರು ಬೆಳಗ್ಗೆಯಿಂದ ಅಂಗಡಿ ತೆಗೆಯದೆ ನನ್ನೆದುರು ಕೂತಿದ್ದಾರೆ. ನಾನು ಸತ್ತರೆ ಏನು ಮಾಡುತ್ತೀರಿ ಎಂದು ತಮಾಷೆಗೆ ಕೇಳಿದೆ. ಅವರಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ನಿಜ ಹೇಳಬೇಕೆಂದರೆ, ಕೇಳಿ ಮುಗಿಸಿದ ಮೇಲೆ ನನಗೂ ಹಾಗೆ ಕೇಳಿಸಲಿಲ್ಲ.

ವೈದ್ಯರು ವಿಶ್ರಾಂತಿ ಎನ್ನುತ್ತಾರೆ, ನೋಡೋಣ ಎನ್ನುತ್ತಾರೆ. ಹೆಚ್ಚು ಕೇಳಿದರೆ ಬೇರೆ ರೋಗಿಗಳ ಕಡೆ ತಿರುಗುತ್ತಾರೆ. ನಿಮಗೆ ಬರೆಯಬಾರದೆಂದು ಹಟ ಹಿಡಿದಿದ್ದೆ. ಆದರೆ ನನಗೆ ಅರ್ಥವಾಗುವ ಹಾಗೆ ಹೇಳಬಲ್ಲವರು ಬೇರೆ ಯಾರೂ ಗೊತ್ತಿಲ್ಲ, ಅದೇ ಸಂಕಟ. ನಿಮ್ಮ ಪಶ್ಚಾತ್ತಾಪವನ್ನು ನೀವೇ ಇಟ್ಟುಕೊಳ್ಳಿ. ನನಗೆ ಪಾಠ ಹೇಳಿ. ನನ್ನೊಳಗೆ ಈಗ ಏನು ನಡೆಯುತ್ತಿದೆ? ಸಮಾಧಾನಕ್ಕಾಗಿ ಒಂದು ಪದವನ್ನೂ ಸೇರಿಸಬೇಡಿ.

ಇರುವೆ


ಜೂನ್ 17

ಚಿರಂಜೀವಿ ಇರುವೆಗೆ,

ನೀನು ಕೇಳಿದಂತೆಯೇ ಬರೆಯುತ್ತೇನೆ. ಗೊತ್ತಿರುವುದನ್ನು ಗೊತ್ತಿದೆ ಎಂದೂ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಹೇಳುತ್ತೇನೆ.

ಮಾರ್ಚಿನಲ್ಲಿ ಒಳಹೊಕ್ಕ ವೈರಸ್ಸು ರಕ್ತದಲ್ಲಿ ತೇಲಿ ಯಕೃತ್ತನ್ನು ಸೇರಿತು. ಅಲ್ಲಿನ ಜೀವಕೋಶಗಳ ಒಳಗೆ ಕೂತು ತನ್ನ ಪ್ರತಿಗಳನ್ನು ಮಾಡಿಕೊಂಡಿತು. ಅದರ ಚತುರತೆ ಇಲ್ಲಿದೆ: ತಾನಿರುವ ಕೋಶವನ್ನು ಅದು ತಾನಾಗಿ ಕೊಲ್ಲುವುದಿಲ್ಲ. ಗದ್ದಲವಿಲ್ಲದೆ ಇರುತ್ತದೆ. ವಾರಗಟ್ಟಲೆ ನಿನಗೆ ಏನೂ ಅನ್ನಿಸದಿದ್ದದ್ದು ಅದಕ್ಕೇ.

ಈಗ ನಿನ್ನ ಕಣ್ಣು ಹಳದಿಯಾಗಿದ್ದರೆ ಅದು ಹೆಚ್ಚಾಗಿ ನಿನ್ನ ದೇಹದ್ದೇ ಕೆಲಸ. ನಿನ್ನ ರಕ್ಷಕ ಕಣಗಳು ಕೊನೆಗೂ ಅದನ್ನು ಗುರುತಿಸಿವೆ. ಸೋಂಕು ತಗಲಿದ ಒಂದೊಂದು ಕೋಶವನ್ನೂ ಹುಡುಕಿ ಕೆಡವುತ್ತಿವೆ. ಆ ಕೋಶಗಳು ನಿನ್ನವೇ. ಅವು ಸಾಯುವಾಗ ಯಕೃತ್ತು ತನ್ನ ಕೆಲಸ ಮಾಡಲಾರದೆ, ಹಳದಿ ಬಣ್ಣ ರಕ್ತದಲ್ಲಿ ಉಳಿಯುತ್ತದೆ. ಕಾಮಾಲೆಯೆಂದರೆ ಯುದ್ಧದ ಹೊಗೆ. ಹೊಗೆ ಕಂಡರೆ ಯುದ್ಧ ನಡೆಯುತ್ತಿದೆ ಎಂದಷ್ಟೇ ಅರ್ಥ. ಗೆದ್ದವರಾರೆಂದು ಹೊಗೆ ಹೇಳುವುದಿಲ್ಲ.

ಲೆಕ್ಕ ಹೀಗಿದೆ. ನಿನ್ನ ವಯಸ್ಸಿನ ಆರೋಗ್ಯವಂತರು ನೂರು ಜನರಿದ್ದರೆ, ಸುಮಾರು ತೊಂಬತ್ತೈದು ಮಂದಿ ಆರು ತಿಂಗಳೊಳಗೆ ಅದನ್ನು ಪೂರ್ತಿ ಹೊರಗಟ್ಟುತ್ತಾರೆ. ಸುಮಾರು ಐವರಲ್ಲಿ ಅದು ಬೀಡುಬಿಡುತ್ತದೆ. ಬಹಳ ಅಪರೂಪಕ್ಕೆ ಯಕೃತ್ತೇ ಸೋಲುತ್ತದೆ: ಮಾತು ತಡವರಿಸಿದರೆ, ಹಗಲಲ್ಲೂ ಮಂಪರು ಕವಿದರೆ, ಎಲ್ಲಿಂದಲಾದರೂ ರಕ್ತ ಸೋರಿದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಈ ಸಾಲನ್ನು ನಿನ್ನ ಯಜಮಾನರಿಗೆ ಓದಿಸು, ಗಮನಿಸಬೇಕಾದವರು ಅವರು. ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನಾಗಲಿ, ಯಾರೋ ಕೊಟ್ಟ ಬೇರು ಸೊಪ್ಪಿನ ರಸವನ್ನಾಗಲಿ ಮುಟ್ಟಬೇಡ.

ನೀನು ತೊಂಬತ್ತೈದರಲ್ಲಿ ಒಬ್ಬಳೋ ಐವರಲ್ಲಿ ಒಬ್ಬಳೋ, ನನಗೆ ಗೊತ್ತಿಲ್ಲ. ಎಷ್ಟು ವರ್ಷ ಕಲಿಸಿದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಸಮಾಧಾನದ ಪದ ಬೇಡವೆಂದು ನೀನು ಹೇಳಿದೆ. ಸೇರಿಸಿಲ್ಲ.

ಮೇಷ್ಟ್ರು


ಅಕ್ಟೋಬರ್ 30

ಮೇಷ್ಟ್ರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯದಿದ್ದದ್ದಕ್ಕೆ ಹಟ ಕಾರಣವಲ್ಲ. ಮೊದಲು ಶಕ್ತಿಯಿರಲಿಲ್ಲ, ಆಮೇಲೆ ಅರ್ಧ ಸುದ್ದಿ ಬರೆಯುವ ಮನಸ್ಸಾಗಲಿಲ್ಲ. ನಿನ್ನೆ ಪೂರ್ತಿ ಸುದ್ದಿ ಬಂತು.

ವರದಿಯಲ್ಲಿ ಮೂರು ಸಾಲಿದೆ. ವೈರಸ್ಸಿನ ಮೇಲಂಗಿ: ಇಲ್ಲ. ಅದನ್ನು ತಡೆಯುವ ಪ್ರತಿಕಾಯ: ಇದೆ, ಬೇಕಾದಷ್ಟಿದೆ. ಹಿಂದೆ ಸೋಂಕು ಆಗಿದ್ದರ ಗುರುತು: ಇದೆ. ಮನೆಯವರ ಪರೀಕ್ಷೆಯೂ ಸರಿಯಾಗಿದೆ. ವರದಿ ಕೊಟ್ಟ ವೈದ್ಯರು ನಕ್ಕು, "ಇನ್ನು ನಿಮಗೆ ಇದು ಜನ್ಮದಲ್ಲಿ ಬರಲ್ಲ ಬಿಡಿ" ಎಂದರು. ಅಂಗಡಿಗೆ ಹೋಗಿ ಮನೆಯವರ ಕೈಗೆ ಹಾಳೆ ಕೊಟ್ಟೆ. ಗಿರಾಕಿಯೊಬ್ಬರ ಪೆಟ್ಟಿಗೆ ಬಿಚ್ಚಿಟ್ಟುಕೊಂಡಿದ್ದರು. ಓದಿದರು, ಕೆಳಗಿಟ್ಟರು, ಎಣ್ಣೆ ಕೈಯನ್ನು ಅಂಗಿಗೇ ಒರೆಸಿಕೊಂಡು ಮತ್ತೆ ಓದಿದರು. ಆ ಗಿರಾಕಿ, "ಏನಪ್ಪಾ, ಲಾಟರಿ ಹೊಡೀತಾ?" ಎಂದರು. ಇವರು ತಲೆಯಾಡಿಸಿದರು.

ಮೊದಲ ಎರಡು ಸಾಲಿಗೆ ನಾನು ಸಂತೋಷಪಟ್ಟಿದ್ದೇನೆ. ಮೂರನೆಯದನ್ನೂ ನಿಮಗೆ ಹೇಳಬೇಕು, ಯಾಕೆಂದರೆ ಅದು ಅಳಿಸುವುದಿಲ್ಲ. ಇನ್ನು ಮುಂದೆ ನಾನು ಯಾರಿಗೂ ರಕ್ತದಾನ ಮಾಡುವಂತಿಲ್ಲ. ಮುಂದೆ ಯಾವುದಾದರೂ ದೊಡ್ಡ ಕಾಯಿಲೆಗೆ ಪ್ರಬಲ ಔಷಧ ಕೊಡುವುದಾದರೆ, ವೈದ್ಯರಿಗೆ ಇದನ್ನು ಮೊದಲೇ ತಿಳಿಸಬೇಕಂತೆ. ಗೆದ್ದೆ, ನಿಜ. ಆ ಯುದ್ಧವೇ ನನಗೆ ಬೇಕಿರಲಿಲ್ಲ.

ನಿಮ್ಮ ಜೂನ್ ತಿಂಗಳ ಕಾಗದವನ್ನು ಎಷ್ಟು ಸಲ ಓದಿದೆನೋ. ಅದರಲ್ಲಿ ನನಗೆ ಧೈರ್ಯ ಕೊಟ್ಟದ್ದು ತೊಂಬತ್ತೈದು ಎಂಬ ಅಂಕಿಯಲ್ಲ, 'ನನಗೆ ಗೊತ್ತಿಲ್ಲ' ಎಂಬ ಮಾತು. ಅದೊಂದು ನಿಜವಿದ್ದರೆ ಉಳಿದವೂ ನಿಜವಿರಬೇಕೆಂದುಕೊಂಡೆ.

ಡಿಸೆಂಬರಿನಲ್ಲಿ ಹೊಸ ತರಬೇತಿ ತಂಡ ಬರುತ್ತದೆ, ಒಂಬತ್ತು ಜನ. ಅವರ ಮೊದಲ ಪಾಠ ನೀವು ಮಾಡಬೇಕು. ಗಸ್ತು, ಮೇಲಂಗಿ ಎಲ್ಲ ಹೇಳಿ. ಅದಕ್ಕೆ ಮೊದಲು ಆ ಹನ್ನೊಂದು ಸಹಿಯ ಕಥೆಯನ್ನೂ, ಐದನೆಯ ದಿನದ ಕಥೆಯನ್ನೂ ನಿಮ್ಮ ಬಾಯಿಂದಲೇ ಹೇಳಬೇಕು. ನನ್ನ ಹೆಸರು ಹೇಳಿದರೂ ಸರಿ.

ಕೆಲವು ದಿನ ನಿಮ್ಮ ಮೇಲೆ ಕೋಪ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಯಾವ ದಿನ ಹೇಗೆಂದು ಬೆಳಗ್ಗೆ ಏಳುವ ತನಕ ನನಗೂ ತಿಳಿಯದು. ನೀವು ಬರುವ ದಿನ ಕೋಪದ ದಿನವಾದರೆ ನಾನು ನಿಮ್ಮೊಡನೆ ಮಾತಾಡಲಾರೆ. ಆದರೆ ಪಾಠ ಮುಗಿಯುವವರೆಗೂ ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ.

ನಿಮ್ಮ ವಿದ್ಯಾರ್ಥಿನಿ